ಸೇತುವೆ ಭಾರ ಹೊರುವ ಬಗೆ: ಕಾರಿಗೆ ದಾರಿ, ಲಾರಿಗೆ ತಡೆ ಏಕೆ?

ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ಪೀಣ್ಯ ಮೇಲ್ಸೇತುವೆಯನ್ನು 2021ರ ಡಿಸೆಂಬರ್ ಕೊನೆಯ ವಾರದಲ್ಲಿ ಏಕಾಏಕಿ ಮುಚ್ಚಲಾಯಿತು. ಸೇತುವೆಯ ಒಡಲಲ್ಲಿರುವ ಉಕ್ಕಿನ ಕೇಬಲ್‌ಗಳಲ್ಲಿ ದೋಷ ಕಂಡುಬಂದದ್ದು ಇದಕ್ಕೆ ಕಾರಣ. ಸುಮಾರು ಎರಡು ತಿಂಗಳ ನಂತರ, 2022ರ ಫೆಬ್ರವರಿಯಲ್ಲಿ, ಕಾರು ಮತ್ತು ದ್ವಿಚಕ್ರ ವಾಹನಗಳಿಗೆ ಸೇತುವೆ ತೆರೆಯಿತು. ಆದರೆ ಲಾರಿ ಮತ್ತು ಬಸ್ಸುಗಳು 2024ರ ಜುಲೈ ಅಂತ್ಯದವರೆಗೂ ಕೆಳಗಿನ ರಸ್ತೆಯಲ್ಲೇ ತೆವಳಬೇಕಾಯಿತು. ರಾಜ್ಯದ ಅರ್ಧಕ್ಕಿಂತ ಹೆಚ್ಚು ಜಿಲ್ಲೆಗಳಿಗೆ ರಾಜಧಾನಿಯಿಂದ ಹೊರಡುವ ಹೆದ್ದಾರಿ ಇದು. ಹೀಗಾಗಿ ಎರಡೂವರೆ ವರ್ಷಗಳ ಕಾಲ ಊರಿಗೆ ಹೊರಟ ಬಸ್ ಪ್ರಯಾಣಿಕರೆಲ್ಲರೂ ಒಂದೇ ಪ್ರಶ್ನೆ ಕೇಳಿದರು: ಸೇತುವೆ ಗಟ್ಟಿಯಿಲ್ಲದಿದ್ದರೆ ಕಾರುಗಳನ್ನೇಕೆ ಬಿಟ್ಟರು? ಗಟ್ಟಿಯಿದ್ದರೆ ಲಾರಿಗಳನ್ನೇಕೆ ತಡೆದರು?

ಪ್ರಶ್ನೆ ಸಹಜವಾದದ್ದೇ. ಇದಕ್ಕೆ ಉತ್ತರ ಕಂಡುಕೊಳ್ಳಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಗುಣಾಕಾರ, ಭಾಗಾಕಾರಗಳು ಗೊತ್ತಿದ್ದರೆ ಸಾಕು.

ಮೊದಲ ಹೊರೆ ಸೇತುವೆಯದೇ

ಸೇತುವೆ ಕಟ್ಟುವುದು ವಾಹನಗಳನ್ನು ಹೊರುವುದಕ್ಕೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಕಾಂಕ್ರೀಟ್ ಸೇತುವೆಯೊಂದು ತನ್ನ ಶಕ್ತಿಯ ಬಹುಪಾಲನ್ನು ವ್ಯಯಿಸುವುದು ತನ್ನನ್ನು ತಾನೇ ಹೊತ್ತುಕೊಳ್ಳುವುದಕ್ಕೆ. ಒಂದು ಘನ ಮೀಟರ್ ಕಬ್ಬಿಣ ಸಹಿತ ಕಾಂಕ್ರೀಟ್ ಸುಮಾರು ಎರಡೂವರೆ ಟನ್ ತೂಗುತ್ತದೆ. ಎರಡು ಪಥಗಳ, 30 ಮೀಟರ್ ಅಂತರದ ಎರಡು ಕಂಬಗಳ ನಡುವಿನ ಸೇತುವೆಯ ಭಾಗವೊಂದು (ಇದನ್ನು ಸ್ಪ್ಯಾನ್ ಎನ್ನಲಾಗುತ್ತದೆ) ತಡೆಗೋಡೆ, ಡಾಂಬರು ಸೇರಿ ಸುಲಭವಾಗಿ 450 ಟನ್ ತಲುಪುತ್ತದೆ. ಈ ಭಾರಕ್ಕೆ ರಜೆಯಿಲ್ಲ. ರಾತ್ರಿ ಎರಡು ಗಂಟೆಗೆ ರಸ್ತೆ ಬರಿದಾಗಿದ್ದಾಗಲೂ ಅದು ಅಲ್ಲೇ ಇರುತ್ತದೆ.

ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಇನಿಸ್-ಇ-ಗ್ವಾಸ್ ಎಂಬ ಸಣ್ಣ ಸೇತುವೆಯೊಂದಿತ್ತು. 1953ರಲ್ಲಿ ಕಟ್ಟಿದ್ದ ಅದು 1985ರ ಡಿಸೆಂಬರ್ 4ರಂದು ಕುಸಿದುಬಿತ್ತು. ಆಗ ಅದರ ಮೇಲೆ ಒಂದು ವಾಹನವೂ ಇರಲಿಲ್ಲ. ತುಂಡು ತುಂಡಾಗಿ ಎರಕಹೊಯ್ದು ಜೋಡಿಸಿದ್ದ ಆ ಸೇತುವೆಯ ಸಂದುಗಳಲ್ಲಿ ನೀರು ಇಳಿದು, ಒಳಗಿನ ಉಕ್ಕಿನ ತಂತಿಗಳು ತುಕ್ಕು ಹಿಡಿದಿದ್ದವು. ಸೇತುವೆ ತನ್ನದೇ ಭಾರಕ್ಕೆ ಸೋತಿತು. ಈ ಬಗೆಯ ನಿರ್ಮಾಣವನ್ನು ಬ್ರಿಟನ್ ಸರ್ಕಾರ 1992ರಿಂದ ಕೆಲವು ವರ್ಷಗಳ ಕಾಲ ತಡೆಹಿಡಿದದ್ದರ ಹಿಂದೆ ಈ ಪ್ರಕರಣದ ನೆರಳಿತ್ತು. ಪೀಣ್ಯದ ಸುದ್ದಿ ಬಂದಾಗ ತಜ್ಞರು ಅದನ್ನು ಲಘುವಾಗಿ ಪರಿಗಣಿಸದಿರಲು ಕಾರಣವೂ ಇದೇ. ಎರಡೂ ಸೇತುವೆಗಳು ಒಂದೇ ಕುಟುಂಬಕ್ಕೆ ಸೇರಿದವು.

ಕಾರವಾರದ ಕಾಳಿ ನದಿಗೆ ಅಡ್ಡಲಾಗಿದ್ದ, ನಾಲ್ಕು ದಶಕ ಹಳೆಯ ಸೇತುವೆ ಕುಸಿದದ್ದೂ (2024ರ ಆಗಸ್ಟ್ 7) ಹಗಲಿನ ದಟ್ಟಣೆಯಲ್ಲಲ್ಲ, ನಡುರಾತ್ರಿ ಒಂದು ಗಂಟೆಯ ಸುಮಾರಿಗೆ. ನದಿಗೆ ಬಿದ್ದದ್ದು ಒಂದು ಲಾರಿ; ಅದರ ಚಾಲಕನನ್ನು ರಕ್ಷಿಸಲಾಯಿತು.

ಇಬ್ಬರು ಹೊರುವ ಮೂಟೆ

ವಾಹನದ ಭಾರ ಚಕ್ರಗಳ ಮೂಲಕ ರಸ್ತೆಯ ಸ್ಲ್ಯಾಬಿಗೆ, ಅಲ್ಲಿಂದ ಗರ್ಡರ್ ಅಥವಾ ತೊಲೆಗೆ, ತೊಲೆಯಿಂದ ಬೇರಿಂಗ್‌ಗೆ, ಬೇರಿಂಗ್‌ನಿಂದ ಕಂಬಕ್ಕೆ, ಕಂಬದಿಂದ ಅಡಿಪಾಯಕ್ಕೆ, ಕೊನೆಗೆ ಮಣ್ಣಿಗೆ ಅಥವಾ ಬಂಡೆಗೆ ಇಳಿಯುತ್ತದೆ. ಸರಪಳಿಯಂತಿರುವ ಈ ದಾರಿಯಲ್ಲಿ ಯಾವುದಾದರೂ ಒಂದು ಕೊಂಡಿ ಸೋತರೆ ಉಳಿದವು ಎಷ್ಟೇ ಬಲವಾಗಿದ್ದರೂ ಪ್ರಯೋಜನವಿಲ್ಲ.

ಕಂಬಗಳು ಭಾರವನ್ನು ಹಂಚಿಕೊಳ್ಳುವ ರೀತಿ ಸರಳ. ಬಿದಿರಿನ ಗಳುವಿಗೆ ಮೂಟೆ ತೂಗುಹಾಕಿ ಇಬ್ಬರು ಹೆಗಲ ಮೇಲೆ ಹೊರುವುದನ್ನು ನೆನಪಿಸಿಕೊಳ್ಳಬಹುದು. ಮೂಟೆ ನಡುವಿನಲ್ಲಿದ್ದರೆ ಇಬ್ಬರಿಗೂ ಸಮಪಾಲು. ಒಬ್ಬನ ಕಡೆ ಸರಿದರೆ ಅವನಿಗೆ ಹೆಚ್ಚು, ಇನ್ನೊಬ್ಬನಿಗೆ ಹಗುರ. 28 ಟನ್ನಿನ ಲಾರಿಯೊಂದು 30 ಮೀಟರ್ ಸ್ಪ್ಯಾನ್‌ನಲ್ಲಿ ಮೊದಲ ಕಂಬದಿಂದ 10 ಮೀಟರ್ ದೂರದಲ್ಲಿದ್ದಾಗ ಆ ಕಂಬ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 19 ಟನ್, ಹೊರುತ್ತದೆ. ಆಚೆಯದು ಉಳಿದ 9 ಟನ್. ಲಾರಿ ಮುಂದೆ ಸಾಗಿದಂತೆ ಪಾಲು ಬದಲಾಗುತ್ತ ಹೋಗುತ್ತದೆ. ಮನೆಯ ಮಾಳಿಗೆಗೂ ಸೇತುವೆಗೂ ಇರುವ ಮುಖ್ಯ ವ್ಯತ್ಯಾಸ ಇದು: ಮನೆಯಲ್ಲಿ ಬೀರು ಇಟ್ಟ ಜಾಗದಲ್ಲೇ ಇರುತ್ತದೆ, ಸೇತುವೆಯ ಮೇಲೆ ಭಾರ ಓಡಾಡುತ್ತದೆ. ಆದ್ದರಿಂದ ವಿನ್ಯಾಸಕಾರರು ವಾಹನವನ್ನು ಕಾಗದದ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ‘ಓಡಿಸಿ’, ಯಾವ ಭಾಗಕ್ಕೆ ಯಾವಾಗ ಅತಿ ಹೆಚ್ಚು ಶ್ರಮ ಎಂಬುದನ್ನು ಕಂಡುಕೊಳ್ಳುತ್ತಾರೆ.

ಕಂಬಗಳಿಗಿಂತ ಹೆಚ್ಚಿನ ತಲೆನೋವು ನಡುವಿನ ತೊಲೆಯದು. ಮಲೆನಾಡಿನ ಹಳ್ಳಗಳ ಮೇಲೆ ಅಡಿಕೆ ಮರ ಹಾಸಿ ಮಾಡಿದ ಕಾಲುಸಂಕದ ಮೇಲೆ ನಡೆದವರಿಗೆ ಇದು ಗೊತ್ತು. ದಡದ ಬಳಿ ಮರ ಅಲುಗದು. ನಡುವಿಗೆ ಬಂದಾಗ ಅದು ಬಾಗುತ್ತದೆ. ಹೀಗೆ ಬಾಗುವಾಗ ತೊಲೆಯ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಸೇತುವೆ ಶಾಸ್ತ್ರದ ಇತಿಹಾಸವೆಂದರೆ ಬಹುಮಟ್ಟಿಗೆ ಈ ಕೆಳಭಾಗದ ಎಳೆತವನ್ನು ತಡೆದುಕೊಳ್ಳಲು ಮನುಷ್ಯ ಹುಡುಕಿದ ಉಪಾಯಗಳ ಇತಿಹಾಸ.

ಕಲ್ಲು ಅದುಮುವಿಕೆಯನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿದ ವೆಲ್ಲೆಸ್ಲಿ ಸೇತುವೆಯಲ್ಲಿ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ. ಕಂಬದ ತಲೆಯ ಮೇಲೆ ಕಲ್ಲಿನ ಚಾಚುಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು. ಅಂತರ ಹೆಚ್ಚಿಸಿದ್ದರೆ ಕಲ್ಲಿನ ತೊಲೆಯ ಅಡಿ ಸೀಳುತ್ತಿತ್ತು. ಕಮಾನು ಸೇತುವೆ ಎಳೆತವನ್ನೇ ತಪ್ಪಿಸಿ, ಎಲ್ಲವನ್ನೂ ಅದುಮುವಿಕೆಯಾಗಿ ಮಾರ್ಪಡಿಸಿ ದಡಕ್ಕೆ ಒತ್ತುತ್ತದೆ. ಕಾಂಕ್ರೀಟ್ ಸಹ ಸ್ವಭಾವದಲ್ಲಿ ಕಲ್ಲಿನ ಮಗುವೇ. ಎಳೆತ ತಾಳುವ ಅದರ ಶಕ್ತಿ ಅದುಮುವಿಕೆ ತಾಳುವ ಶಕ್ತಿಯ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಕೆಳಭಾಗದಲ್ಲಿ ಉಕ್ಕಿನ ಸರಳುಗಳನ್ನು ಹಾಕುವುದು ಈ ಕೊರತೆ ತುಂಬಲು.

ಲೆಕ್ಕ ಹಾಕಿ ನೋಡಿದರೆ

ತೊಲೆಯನ್ನು ಬಾಗಿಸುವ ಪ್ರಭಾವಕ್ಕೆ ಎಂಜಿನಿಯರುಗಳು ಬೆಂಡಿಂಗ್ ಮೊಮೆಂಟ್ ಎನ್ನುತ್ತಾರೆ. ಅದು ಭಾರ ಮತ್ತು ದೂರಗಳ ಗುಣಲಬ್ಧ, ಅಳತೆ ಟನ್-ಮೀಟರ್. ಎರಡು ಸೂತ್ರಗಳು ಸಾಕು. ಎರಡು ತುದಿಗಳ ಮೇಲೆ ಕುಳಿತ ತೊಲೆಯ ನಟ್ಟನಡುವೆ ಒಂದೇ ಬಿಂದುವಿನಲ್ಲಿ ಭಾರವಿದ್ದರೆ, ಭಾರವನ್ನು ಸ್ಪ್ಯಾನ್ ಉದ್ದದಿಂದ ಗುಣಿಸಿ 4ರಿಂದ ಭಾಗಿಸಬೇಕು. ಅದೇ ಭಾರ ಉದ್ದಕ್ಕೂ ಸಮನಾಗಿ ಹರಡಿದ್ದರೆ 8ರಿಂದ ಭಾಗಿಸಬೇಕು. ಹರಡಿದ ಭಾರದ ಪೆಟ್ಟು ಅರ್ಧಕ್ಕರ್ಧ ಕಡಿಮೆ.

ಮೇಲೆ ಹೇಳಿದ 30 ಮೀಟರ್ ಸ್ಪ್ಯಾನನ್ನೇ ತೆಗೆದುಕೊಳ್ಳೋಣ. ಇವು ಪೀಣ್ಯದ ಅಂಕಿಗಳಲ್ಲ, ವಿಷಯ ತಿಳಿಯಲು ಆರಿಸಿಕೊಂಡ ದುಂಡಗಿನ ಅಂಕಿಗಳು. ಸೇತುವೆಯ ಸ್ವಂತ ಭಾರ 450 ಟನ್, ಉದ್ದಕ್ಕೂ ಹರಡಿದೆ: 450ನ್ನು 30ರಿಂದ ಗುಣಿಸಿ 8ರಿಂದ ಭಾಗಿಸಿದರೆ ಸುಮಾರು 1,690 ಟನ್-ಮೀಟರ್. ನಡುವೆ ನಿಂತ 28 ಟನ್ನಿನ ಒಂಟಿ ಲಾರಿ: 28 ಗುಣಿಸು 30, ಭಾಗಿಸು 4, ಅಂದರೆ 210. ಸ್ವಂತ ಭಾರದ ಎಂಟನೆಯ ಒಂದು ಭಾಗ ಮಾತ್ರ. ಒಂದು ಲಾರಿಯಿಂದ ಸೇತುವೆಗೆ ಹೆಚ್ಚೇನೂ ಆಗದು.

ಈಗ ಸಂಚಾರ ಸ್ಥಗಿತಗೊಂಡು ಎರಡೂ ಪಥಗಳಲ್ಲಿ ಲಾರಿಗಳು ಒಂದರ ಬೆನ್ನಿಗೊಂದು ನಿಂತಿವೆ ಎನ್ನೋಣ. ಒಂದೊಂದಕ್ಕೆ 10 ಮೀಟರ್ ಜಾಗವಾದರೆ ಸ್ಪ್ಯಾನ್ ಮೇಲೆ ಆರು ಲಾರಿಗಳು, 168 ಟನ್. ಇದನ್ನು ಹರಡಿದ ಭಾರವೆಂದು ಹಿಡಿದರೆ 630 ಟನ್-ಮೀಟರ್. ಅದೇ ಜಾಗದಲ್ಲಿ ಕಾರುಗಳು ನಿಂತರೆ? ಒಂದಕ್ಕೆ 6 ಮೀಟರ್‌ನಂತೆ ಹತ್ತು ಕಾರುಗಳು, ಒಂದೂವರೆ ಟನ್‌ನಂತೆ 15 ಟನ್. ಮೊಮೆಂಟ್ ಕೇವಲ 56!

ಕಾರಿಗೆ ದಾರಿ, ಲಾರಿಗೆ ತಡೆ ಎಂಬುದರ ಗುಟ್ಟು ಇಲ್ಲಿದೆ. ಲಾರಿಗಳು ತುಂಬಿದ ಸೇತುವೆ ಒಟ್ಟು 2,320 ಟನ್-ಮೀಟರ್‌ ತಾಳಬೇಕು. ಕಾರುಗಳು ತುಂಬಿದ ಸೇತುವೆ ಸುಮಾರು 1,750. ಲಾರಿಗಳನ್ನು ತಡೆದರೆ ಸೇತುವೆಯ ಹೊರೆ ಹೆಚ್ಚು ಕಡಿಮೆ ಕಾಲು ಭಾಗ ಇಳಿಯುತ್ತದೆ. ಕಾರುಗಳನ್ನೂ ತಡೆದರೆ ಸಿಗುವ ಹೆಚ್ಚುವರಿ ಲಾಭ ಶೇಕಡ ಎರಡೂವರೆಯಷ್ಟು ಮಾತ್ರ. ಖಾಲಿ ಸೇತುವೆಗೂ ಕಾರು ತುಂಬಿದ ಸೇತುವೆಗೂ ಕಾಂಕ್ರೀಟಿನ ದೃಷ್ಟಿಯಲ್ಲಿ ಅಂತರ ಬಹಳ ಕಡಿಮೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕಂಬಗಳ ನಡುವಿನ ಅಂತರವನ್ನು ಎರಡು ಪಟ್ಟು ಮಾಡಿದರೆ ಸ್ವಂತ ಭಾರದ ಮೊಮೆಂಟ್ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ; ಭಾರವೂ ದೂರವೂ ಒಟ್ಟಿಗೆ ಬೆಳೆಯುತ್ತವೆ. ಅದನ್ನು ತಾಳಲು ತೊಲೆಯನ್ನು ದಪ್ಪ ಮಾಡಿದರೆ ಅದರ ತೂಕ ಇನ್ನೂ ಹೆಚ್ಚುತ್ತದೆ. ಹೀಗೆ ಒಂದು ಹಂತದಲ್ಲಿ ತೊಲೆಯ ಉಪಾಯವೇ ಕೈಕೊಡುತ್ತದೆ. ಅಲ್ಲಿಂದಾಚೆ ಭಾರವನ್ನು ಮೇಲಕ್ಕೆ ಎಳೆದು ಎತ್ತರದ ಗೋಪುರದ ಮೂಲಕ ಕೆಳಗಿಳಿಸುವ ಕೇಬಲ್ ಸೇತುವೆಗಳ ಕಾಲ. ಬೆಂಗಳೂರಿನ ಕೆ.ಆರ್. ಪುರದ ಸೇತುವೆ, ಶರಾವತಿ ಹಿನ್ನೀರಿಗೆ 2025ರ ಜುಲೈನಲ್ಲಿ ಲೋಕಾರ್ಪಣೆಯಾದ ಸಿಗಂದೂರು ಸೇತುವೆ ಈ ಬಗೆಯವು. ಜನ ಇವನ್ನು ತೂಗುಸೇತುವೆ ಎನ್ನುವುದುಂಟು. ಆದರೆ ಇಲ್ಲಿ ಕೇಬಲ್‌ಗಳು ಗೋಪುರದಿಂದ ನೇರವಾಗಿ ರಸ್ತೆಯ ತಳವನ್ನು ಹಿಡಿದಿರುತ್ತವೆ. ನಿಜವಾದ ತೂಗುಸೇತುವೆಯಲ್ಲಿ ಜೋತುಬಿದ್ದ ಮುಖ್ಯ ಕೇಬಲ್‌ಗೆ ರಸ್ತೆಯನ್ನು ತೂಗುಹಾಕಿರಲಾಗುತ್ತದೆ.

ಕಾಗದದ ಮೇಲಿನ ಲಾರಿ

ಯಾವ ಲಾರಿಗೆ ವಿನ್ಯಾಸ ಮಾಡಬೇಕು? ದೇಶದಲ್ಲಿ ಇದನ್ನು ನಿರ್ಧರಿಸುವುದು 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ-6 ಸಂಹಿತೆ. ಅದರಲ್ಲಿ ‘ಕ್ಲಾಸ್ ಎ’ ಎಂಬ ಕಾಲ್ಪನಿಕ ವಾಹನವಿದೆ. ಎಂಟು ಅಚ್ಚುಗಳು, ಒಟ್ಟು 55.4 ಟನ್, ಅತಿ ಭಾರದ ಎರಡು ಅಚ್ಚುಗಳ ಮೇಲೆ ತಲಾ 11.4 ಟನ್. ಇದಲ್ಲದೆ ‘70 ಆರ್’ ಎಂಬ ವರ್ಗವೂ ಇದೆ. ಸೇನೆಯ ಟ್ಯಾಂಕಿನಂತೆ ಪಟ್ಟಿಯ ಮೇಲೆ ಚಲಿಸುವ 70 ಟನ್ನಿನ ವಾಹನ ಮತ್ತು ಚಕ್ರಗಳುಳ್ಳ 100 ಟನ್ನಿನ ವಾಹನ ಈ ವರ್ಗದವು. ಯಾವ ಕಾರ್ಖಾನೆಯಲ್ಲೂ ತಯಾರಾಗದ ಈ ವಾಹನಗಳು ಹೊಸ ಹೆದ್ದಾರಿ ಸೇತುವೆಗಳ ಮೇಲೆ ಕಾಗದದಲ್ಲಿ ಮೊದಲು ಓಡಿರುತ್ತವೆ.

ರಸ್ತೆಯ ಮೇಲಿನ ನಿಜವಾದ ಲಾರಿಗಳೂ ಭಾರವಾಗುತ್ತಲೇ ಬಂದಿವೆ. ಕೇಂದ್ರ ಸರ್ಕಾರ 2018ರ ಜುಲೈನಲ್ಲಿ ಕಾನೂನುಬದ್ಧ ಭಾರದ ಮಿತಿಯನ್ನು ಏರಿಸಿದಾಗ ಮೂರು ಅಚ್ಚುಗಳ ಲಾರಿಯ ಒಟ್ಟು ತೂಕ 25ರಿಂದ 28.5 ಟನ್ನಿಗೆ ಏರಿತು. ಮಿತಿ ಮೀರಿ ಮರಳು, ಅದಿರು ಹೇರುವವರ ಲೆಕ್ಕ ಬೇರೆಯೇ.

ನಿಂತ ಲಾರಿಗಿಂತ ಓಡುವ ಲಾರಿಯ ಪೆಟ್ಟು ಹೆಚ್ಚು. ಸ್ಪ್ರಿಂಗುಗಳು ಕುಣಿಯುತ್ತವೆ, ಗುಂಡಿಯಲ್ಲಿ ಚಕ್ರ ಧಡಾರನೆ ಇಳಿಯುತ್ತದೆ. ಇದಕ್ಕಾಗಿ ಸಂಹಿತೆ ವಾಹನದ ಭಾರಕ್ಕೆ ಒಂದಿಷ್ಟು ಸೇರಿಸಲು ಹೇಳುತ್ತದೆ. ಕ್ಲಾಸ್ ಎ ವಾಹನಕ್ಕೆ ಕಾಂಕ್ರೀಟ್ ಸೇತುವೆಯಲ್ಲಿ 4.5ನ್ನು, ಸ್ಪ್ಯಾನ್ ಉದ್ದಕ್ಕೆ 6 ಕೂಡಿಸಿದ ಸಂಖ್ಯೆಯಿಂದ ಭಾಗಿಸಬೇಕು. 9 ಮೀಟರ್ ಸ್ಪ್ಯಾನ್‌ಗೆ ಇದು ಶೇಕಡ 30, 30 ಮೀಟರ್‌ಗೆ ಶೇಕಡ 12.5. ಅಂದರೆ ಹಳ್ಳಿ ರಸ್ತೆಯ ಕಿರುಸೇತುವೆಗೆ ವೇಗವಾಗಿ ಬರುವ ಒಂದು ಲಾರಿ ಶತ್ರು. ನಗರದ ಉದ್ದನೆಯ ಮೇಲ್ಸೇತುವೆಗೆ ಅಲುಗಾಡದೆ ನಿಂತ ಲಾರಿಗಳ ಸಾಲು ಹೆಚ್ಚಿನ ಶತ್ರು. ಓಡುವ ಲಾರಿಗಳ ನಡುವೆ ಅಂತರವಿರುತ್ತದೆ, ನಿಂತವುಗಳ ನಡುವೆ ಇರುವುದಿಲ್ಲ.

ದಾರಕ್ಕೆ ಪೋಣಿಸಿದ ಮಣಿಗಳು

ಪೀಣ್ಯದಂತಹ ಮೇಲ್ಸೇತುವೆಗಳಲ್ಲಿ ಎಳೆತವನ್ನು ಎದುರಿಸುವ ಉಪಾಯ ಇನ್ನೂ ಒಂದು ಹೆಜ್ಜೆ ಮುಂದಿದೆ. ಫ್ರಾನ್ಸಿನ ಎಂಜಿನಿಯರ್ ಯುಜೀನ್ ಫ್ರೇಸಿನೆ 1928ರಲ್ಲಿ ಹಕ್ಕುಸ್ವಾಮ್ಯ ಪಡೆದ ಪ್ರಿಸ್ಟ್ರೆಸ್ಡ್ ಕಾಂಕ್ರೀಟ್ ವಿಧಾನ ಅದು. ಮಣಿಗಳನ್ನು ದಾರಕ್ಕೆ ಪೋಣಿಸಿ ಎರಡೂ ತುದಿಗಳಲ್ಲಿ ಬಿಗಿಯಾಗಿ ಎಳೆದು ಕಟ್ಟಿದರೆ ಸರ ಕೋಲಿನಂತೆ ಸೆಟೆದು ನಿಲ್ಲುತ್ತದೆ. ಇಲ್ಲಿ ಮಣಿಗಳೆಂದರೆ ಪೆಟ್ಟಿಗೆಯಾಕಾರದ ಕಾಂಕ್ರೀಟ್ ತುಂಡುಗಳು. ದಾರವೆಂದರೆ ಉಕ್ಕಿನ ಎಳೆಗಳ ಕೇಬಲ್. ಕೇಬಲ್‌ಗಳನ್ನು ಜಾಕ್‌ನಿಂದ ಎಳೆದು ಬಿಗಿದಾಗ ಕಾಂಕ್ರೀಟ್ ಮೊದಲೇ ಅದುಮಿಕೊಂಡಿರುತ್ತದೆ. ಲಾರಿ ಬಂದು ಕೆಳಭಾಗವನ್ನು ಎಳೆದಾಗ ಆ ಎಳೆತ ಮೊದಲಿನ ಅದುಮುವಿಕೆಯನ್ನು ಸಡಿಲಿಸುತ್ತದೆಯೇ ಹೊರತು ಕಾಂಕ್ರೀಟನ್ನು ಸೀಳುವುದಿಲ್ಲ.

ಉಪಾಯ ಸೊಗಸಾದದ್ದು. ಆದರೆ ಎಲ್ಲವೂ ದಾರದ ಮೇಲೆ ನಿಂತಿದೆ. ಸರಳುಗಳುಳ್ಳ ಸಾಮಾನ್ಯ ಕಾಂಕ್ರೀಟ್ ಸೋಲುವ ಮುನ್ನ ಬಿರುಕು ಬಿಟ್ಟು, ಜೋತುಬಿದ್ದು ಸೂಚನೆ ಕೊಡುವುದುಂಟು. ಕೇಬಲ್ ಕೊಳವೆಯೊಳಗೆ ಹುದುಗಿರುತ್ತದೆ. ಕೊಳವೆಗೆ ತುಂಬಿದ ಸಿಮೆಂಟ್ ಹಾಲಿನಲ್ಲಿ ಪೊಳ್ಳು ಉಳಿದಿದ್ದರೆ ನೀರು ಮತ್ತು ಗಾಳಿ ಸೇರಿ ತುಕ್ಕು ಹಿಡಿಯುತ್ತದೆ, ಹೊರಗಿನಿಂದ ನೋಡಿದವರಿಗೆ ಬಣ್ಣ ಬಳಿದ ಕಾಂಕ್ರೀಟ್ ಕಾಣುತ್ತದೆ. ಪೀಣ್ಯ ಮೇಲ್ಸೇತುವೆಯ 120 ಸ್ಪ್ಯಾನ್‌ಗಳಲ್ಲಿ ತಲಾ ಹತ್ತರಂತೆ 1,200 ಕೇಬಲ್‌ಗಳಿವೆ. ದೋಷ ಮೊದಲು ಕಂಡದ್ದು ಎರಡು ಸ್ಪ್ಯಾನ್‌ಗಳಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ಸಲಹೆಯಂತೆ ಪ್ರತಿ ಸ್ಪ್ಯಾನ್‌ಗೂ ಎರಡರಂತೆ 240 ಹೊಸ ಕೇಬಲ್‌ಗಳನ್ನು ಸೇರಿಸಲಾಯಿತು. ಮೂಲ ವಿನ್ಯಾಸದಲ್ಲೇ ಅವುಗಳಿಗೆ ಜಾಗ ಬಿಟ್ಟಿದ್ದುದರಿಂದ ಇದು ಸಾಧ್ಯವಾಯಿತು. ಅಷ್ಟು ದೂರದೃಷ್ಟಿ ಇಲ್ಲದಿದ್ದರೆ ದುರಸ್ತಿ ಇನ್ನಷ್ಟು ಕಠಿಣವಾಗುತ್ತಿತ್ತು.

ಯಾರೂ ಲೆಕ್ಕವಿಡದ ಭಾರ

ಸೇತುವೆ ಕಟ್ಟಿದ ಮೇಲೆ ಅದರ ತೂಕ ಹಾಗೆಯೇ ಉಳಿಯುವುದಿಲ್ಲ. ಚುನಾವಣೆಗೆ ಮುನ್ನವೋ ಗಣ್ಯರ ಭೇಟಿಗೆ ಮುನ್ನವೋ ಹಳೆಯ ಡಾಂಬರನ್ನು ಕೆರೆಯದೆ ಅದರ ಮೇಲೆಯೇ ಹೊಸ ಪದರ ಹಾಸುವುದು ನಮ್ಮಲ್ಲಿ ಅಪರೂಪವಲ್ಲ. 5 ಸೆಂಟಿಮೀಟರ್ ದಪ್ಪದ ಡಾಂಬರು ಪದರ ಪ್ರತಿ ಚದರ ಮೀಟರಿಗೆ ಸುಮಾರು 115 ಕಿಲೋ ತೂಗುತ್ತದೆ. 30 ಮೀಟರ್ ಉದ್ದ, 10 ಮೀಟರ್ ಅಗಲದ ಸ್ಪ್ಯಾನ್ ಮೇಲೆ ಅದು 34 ಟನ್ನಿಗೂ ಹೆಚ್ಚು. ಎಂದೂ ಇಳಿದು ಹೋಗದ ಒಂದು ಲಾರಿಯನ್ನು ಸೇತುವೆಯ ಮೇಲೆ ನಿಲ್ಲಿಸಿದಂತೆ! ಐಆರ್‌ಸಿ ಸಂಹಿತೆಗೆ ಈ ಸ್ವಭಾವದ ಅರಿವಿದ್ದಂತಿದೆ. ಭದ್ರತೆಗಾಗಿ ಸೇತುವೆಯ ಸ್ವಂತ ಭಾರವನ್ನು 1.35ರಿಂದಲೂ ವಾಹನಗಳ ಭಾರವನ್ನು 1.5ರಿಂದಲೂ ಗುಣಿಸಬೇಕೆನ್ನುವ ಅದು, ರಸ್ತೆ ಹೊದಿಕೆಯ ಭಾರವನ್ನು 1.75ರಿಂದ ಗುಣಿಸಲು ಹೇಳುತ್ತದೆ. ಲಾರಿಗಿಂತಲೂ ಅದಕ್ಕೆ ಡಾಂಬರಿನ ಮೇಲೆ ಅಪನಂಬಿಕೆ ಹೆಚ್ಚು.

ಇದರ ಪರಿಣಾಮವನ್ನು ಅಮೆರಿಕ ಕಂಡಿದೆ. ಮಿನಿಯಾಪೊಲಿಸ್ ನಗರದಲ್ಲಿ ಮಿಸಿಸಿಪ್ಪಿ ನದಿಗೆ ಅಡ್ಡಲಾಗಿದ್ದ ಐ-35ಡಬ್ಲ್ಯು ಉಕ್ಕಿನ ಸೇತುವೆ 2007ರ ಆಗಸ್ಟ್ 1ರ ಸಂಜೆ ಕುಸಿದು 13 ಮಂದಿ ಮೃತಪಟ್ಟರು, 145 ಮಂದಿ ಗಾಯಗೊಂಡರು. ಉಕ್ಕಿನ ತೊಲೆಗಳನ್ನು ಗಂಟುಗಳಲ್ಲಿ ಜೋಡಿಸುವ ಫಲಕಗಳು ಒಂದು ಅಂಗುಲ ದಪ್ಪವಿರಬೇಕಾದಲ್ಲಿ ಅರ್ಧ ಅಂಗುಲ ಇದ್ದವು ಎಂದು ತನಿಖೆ ಹೇಳಿತು. ವಿನ್ಯಾಸದ ಈ ತಪ್ಪು 1967ರಿಂದ 40 ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ನಡುವೆ ಸೇತುವೆಗೆ ಹೆಚ್ಚುವರಿ ಕಾಂಕ್ರೀಟ್ ಹೊದಿಕೆ, ಹೊಸ ತಡೆಗೋಡೆಗಳು ಸೇರಿದವು. ಕುಸಿದ ದಿನ ದುರಸ್ತಿಗೆಂದು ತಂದ ಜಲ್ಲಿ, ಮರಳು, ಯಂತ್ರಗಳ ಸುಮಾರು 260 ಟನ್ ಭಾರ ದುರ್ಬಲ ಗಂಟುಗಳ ಬಳಿಯೇ ಕುಳಿತಿತ್ತು. ಸೇತುವೆಯನ್ನು ಉಳಿಸಲು ಬಂದ ಸಾಮಗ್ರಿಯೇ ಅದಕ್ಕೆ ಕೊನೆಯ ಹೊರೆಯಾಯಿತು.

ಕಂಬದ ತಲೆಯ ಮೇಲಿನ ಬೇರಿಂಗ್‌ಗಳತ್ತ ಜನರ ಗಮನ ಹರಿಯುವುದೇ ಇಲ್ಲ. ಬಿಸಿಲಿಗೆ ಕಾಂಕ್ರೀಟ್ ಹಿಗ್ಗುತ್ತದೆ. 30 ಮೀಟರ್ ಉದ್ದದ ತೊಲೆ 30 ಡಿಗ್ರಿ ಉಷ್ಣಾಂಶ ಬದಲಾವಣೆಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಈ ಚಲನೆಗೆ ಎಡೆ ಕೊಡುತ್ತಲೇ ಭಾರವನ್ನು ಕಂಬಕ್ಕೆ ದಾಟಿಸುವ ದಿಂಬು ಬೇರಿಂಗ್. ತೊಲೆಗಳ ನಡುವೆ ಬಿಟ್ಟ ಸಂದು ಎಕ್ಸ್‌ಪ್ಯಾನ್ಶನ್ ಜಾಯಿಂಟ್. ಮೇಲ್ಸೇತುವೆಯಲ್ಲಿ ಬಸ್ ‘ದಡ್ ದಡ್’ ಎನ್ನುವುದು ಇಲ್ಲಿಯೇ. ಈ ಸಂದಿನಲ್ಲಿ ಅರಳಿ ಸಸಿ ಚಿಗುರಿದ್ದು ಕಂಡರೆ ಅಲ್ಲಿ ಮಣ್ಣೂ ನೀರೂ ಸೇರಿವೆ ಎಂದರ್ಥ. ಅದೇ ನೀರು ಕೆಳಗಿನ ಬೇರಿಂಗ್‌ ಮೇಲೂ ತೊಟ್ಟಿಕ್ಕುತ್ತಿರುತ್ತದೆ. ಗುಜರಾತಿನ ಗಂಭೀರಾ ಸೇತುವೆ 2025ರ ಜುಲೈ 9ರಂದು ಕುಸಿದು 20ಕ್ಕೂ ಹೆಚ್ಚು ಮಂದಿ ಬಲಿಯಾದಾಗ, ಪ್ರಾಥಮಿಕ ತನಿಖೆ ಬೊಟ್ಟು ಮಾಡಿದ್ದು ತೊಲೆ ಕೂರುವ ಪೀಠ ಮತ್ತು ಜೋಡಣೆಯ ಭಾಗ ನುಜ್ಜಾದದ್ದರ ಕಡೆಗೆ.

ದಾರಿಯ ಕೊನೆಯ ಕೊಂಡಿ ಅಡಿಪಾಯ. ನದಿ ಸೇತುವೆಗಳಿಗೆ ಲಾರಿಗಿಂತ ಪ್ರವಾಹ ದೊಡ್ಡ ಅಪಾಯ. ರಭಸದ ನೀರು ಕಂಬದ ಬುಡದ ಮಣ್ಣನ್ನು ಕೊರೆದು ಒಯ್ದರೆ ಮೇಲಿನ ಲೆಕ್ಕಗಳೆಲ್ಲ ವ್ಯರ್ಥ. ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲಿನ ಸೇತುವೆ 2016ರ ಆಗಸ್ಟ್ 2ರ ರಾತ್ರಿ ಕೊಚ್ಚಿಹೋದದ್ದು ಇಂತಹ ಪ್ರವಾಹದಲ್ಲಿ.

ಸೇತುವೆಯನ್ನೇ ಕೇಳುವುದು

ಲೆಕ್ಕ ಎಷ್ಟೇ ಹಾಕಿದರೂ ಹಳೆಯ ಸೇತುವೆಯ ಒಳಗೆ ಎಷ್ಟು ಶಕ್ತಿ ಉಳಿದಿದೆ ಎಂಬುದನ್ನು ಸೇತುವೆಯಿಂದಲೇ ತಿಳಿಯಬೇಕು. ಇದಕ್ಕೆ ಭಾರ ಪರೀಕ್ಷೆ ಎನ್ನುತ್ತಾರೆ. ತೂಕ ಮಾಡಿದ ಲಾರಿಗಳನ್ನು ಹಂತ ಹಂತವಾಗಿ ಸ್ಪ್ಯಾನ್ ಮೇಲೆ ತಂದು ನಿಲ್ಲಿಸಿ, ತೊಲೆ ಎಷ್ಟು ಮಿಲಿಮೀಟರ್ ಬಾಗಿತು ಎಂದು ಅಳೆಯಲಾಗುತ್ತದೆ. 24 ಗಂಟೆಗಳ ಕಾಲ ಭಾರವನ್ನು ಹಾಗೆಯೇ ಬಿಟ್ಟು, ನಂತರ ತೆಗೆದು, ಮತ್ತೆ 24 ಗಂಟೆ ಕಾಯಬೇಕು. ಸೇತುವೆ ಬಾಗುವುದು ದೋಷವಲ್ಲ; ಬಾಗಿದ್ದು ಹಿಂದಿರುಗದಿದ್ದರೆ ದೋಷ. ಬಾಗಿದ ಪ್ರಮಾಣದಲ್ಲಿ ಸಾಮಾನ್ಯ ಕಾಂಕ್ರೀಟ್ ಸೇತುವೆ ಕನಿಷ್ಠ ಶೇಕಡ 75ರಷ್ಟು, ಪ್ರಿಸ್ಟ್ರೆಸ್ಡ್ ಸೇತುವೆ ಕನಿಷ್ಠ ಶೇಕಡ 85ರಷ್ಟು ಮರಳಿ ಮೇಲೇಳಬೇಕು ಎಂಬುದು ಮಾನದಂಡ.

ಪೀಣ್ಯದಲ್ಲಿ ಈ ಪರೀಕ್ಷೆಗಾಗಿ 2024ರ ಜನವರಿಯಲ್ಲಿ ಸೇತುವೆಯನ್ನು ಕೆಲವು ದಿನ ಎಲ್ಲ ವಾಹನಗಳಿಗೂ ಮುಚ್ಚಲಾಗಿತ್ತು. ಅದೇ ವರ್ಷದ ಜುಲೈ ಅಂತ್ಯದಲ್ಲಿ ಭಾರಿ ವಾಹನಗಳಿಗೆ ಅವಕಾಶ ಸಿಕ್ಕಾಗ ಷರತ್ತುಗಳೂ ಜೊತೆಗಿದ್ದವು. ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬುದು ಒಂದು. ಚಕ್ರಗಳ ಕುಣಿತದ ಪೆಟ್ಟು ತಗ್ಗುವುದು ಹೀಗೆ. ಪ್ರತಿ ಶುಕ್ರವಾರ ಬೆಳಗ್ಗೆ 6ರಿಂದ ಶನಿವಾರ ಬೆಳಗ್ಗೆ 6ರವರೆಗೆ, ಪರಿಶೀಲನೆ ಮತ್ತು ನಿರ್ವಹಣೆಯ ಸಲುವಾಗಿ, ಲಾರಿ ಮತ್ತು ಬಸ್ಸುಗಳು ಮತ್ತೆ ಕೆಳಗಿನ ರಸ್ತೆ ಹಿಡಿಯಬೇಕು ಎಂಬುದು ಇನ್ನೊಂದು.